ನಾನು ಕೊರೆದ ಕೊರಳು

ಟ್ರಂಪೆಟ್ಟಿನ ಬಾಯಿಗೆ ಸಿಕ್ಕಿಸುವ ಮೌತ್‌ಪೀಸ್ ಅಂದರೆ ಮೂರೂವರೆ ಇಂಚಿನ ಹಿತ್ತಾಳೆ ತುಂಡು. ಒಂದು ತುದಿಗೆ ತುಟಿ ಒತ್ತುವ ಬಟ್ಟಲು, ಇನ್ನೊಂದು ತುದಿಗೆ ವಾದ್ಯದೊಳಗೆ ಬಿಗಿಯಾಗಿ ಕೂಡುವ ಬುಡ. ಬಟ್ಟಲಿನ ತಳದಲ್ಲಿ ನಾಲ್ಕು ಮಿಲಿಮೀಟರಿಗೂ ಕಡಿಮೆಯ ಒಂದು ತೂತು. ಊದುವವನ ಉಸಿರೆಲ್ಲ ಆ ತೂತಿನಲ್ಲಿ ನುಸುಳಿ, ಆಮೇಲೆ ಮೆಲ್ಲಗೆ ಅಗಲವಾಗುತ್ತ ಹೋಗುವ ಕೊಳವೆಗೆ ಇಳಿಯಬೇಕು. ಆ ತೂತನ್ನು ಕೊರಳು ಅಂತ ಕರೆಯುತ್ತೇನೆ. ಮಾಮಾನ ಮೌತ್‌ಪೀಸಿನ ಕೊರಳನ್ನು ನಾನು ಒಮ್ಮೆ ಕೊರೆದು ಅಗಲ ಮಾಡಿದೆ. ಮಾಡು ಅಂತ ಯಾರೂ ಅಂದಿರಲಿಲ್ಲ. ಮನೆಯ ಹೊರಗೆ ಈ ಮಾತು ಆಡುತ್ತಿರುವುದು ಈಗಲೇ.

ನಾನು ಇಚಲಕರಂಜಿಯಲ್ಲಿ ಲೇತ್ ಮೇಲೆ ಬದುಕು ಕಂಡುಕೊಂಡವನು. ಹುಟ್ಟಿದ್ದು ಗಡಹಿಂಗ್ಲಜ ತಾಲೂಕಿನ ಹಳ್ಳಿಯಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಅಂಗಡಿಯಲ್ಲಿ ಎರಡೂ ಕಲೆತ ಮಾತು. 1904ರಲ್ಲಿ ವಿಠ್ಠಲರಾವ್ ದಾತಾರರು ಇಚಲಕರಂಜಿಗೆ ಮೊದಲ ಪವರ್‌ಲೂಮ್ ತಂದರು. ಆಮೇಲೆ ಊರಿಗೆ ಊರೇ ಮಗ್ಗದ ಸದ್ದಿನಲ್ಲಿ ಏಳುವುದು, ಅದರಲ್ಲೇ ಮಲಗುವುದು. ಮಗ್ಗ ಇದ್ದಲ್ಲಿ ಬುಶ್, ಪಿನ್, ಶಾಫ್ಟ್ ಸವೆಯುತ್ತವೆ; ಸವೆದದ್ದನ್ನು ತಂದು ನಮ್ಮೆದುರು ಇಟ್ಟರೆ ಸಂಜೆಯೊಳಗೆ ಹೊಸದನ್ನು ಕಡೆದು ಕೊಡುತ್ತೇವೆ. ವರ್ಷಗಟ್ಟಲೆ ಇದನ್ನೇ ಮಾಡಿದವನಿಗೆ ಒಂದು ಧೈರ್ಯ ಬರುತ್ತದೆ. ಲೋಹದ ವಸ್ತು ಯಾವುದೇ ಇರಲಿ, ಕೈಯಲ್ಲಿ ಹಿಡಿದು ತಿರುಗಿಸಿದರೆ ಸಾಕು, ಅದರ ಕೊರತೆ ತನಗೆ ಕಾಣುತ್ತದೆ ಅನ್ನುವ ಧೈರ್ಯ. ನನಗೂ ಬಂದಿತ್ತು.

ಮಾಮಾ ಅಂದರೆ ಅವ್ವನ ಅಣ್ಣ. ಗಡಹಿಂಗ್ಲಜ ಸೀಮೆಯ ಲಗ್ನ, ಜಾತ್ರೆ, ಗಣಪತಿ ಮೆರವಣಿಗೆಗಳಲ್ಲಿ ಅವರ ಬ್ಯಾಂಡ್ ಇರುತ್ತಿತ್ತು. ಎಲ್ಲರಿಗೂ ಅವರು 'ಮಾಸ್ತರ'. ಟ್ರಂಪೆಟ್ ಅವರದು. ವಾದ್ಯ ಮೇರಠದ ಜಲೀ ಕೋಠಿಯಿಂದ ಬಂದದ್ದು. ಅಲ್ಲಿ ನಾದಿರ್ ಅಲಿ ಕಂಪನಿ 1885ರಲ್ಲಿ ಶುರುವಾದ ಮೇಲೆ ಆ ಓಣಿಯೇ ದೇಶದ ಬ್ಯಾಂಡುಗಳಿಗೆ ಹಿತ್ತಾಳೆ ವಾದ್ಯ ಮಾಡಿಕೊಡುವ ಓಣಿಯಾಯಿತು. ಆದರೆ ಮೌತ್‌ಪೀಸ್ ಮಾತ್ರ ಬೇರೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದ ಬ್ಯಾಂಡಿನಲ್ಲಿದ್ದು ನಿವೃತ್ತರಾದ ಒಬ್ಬ ಹಿರಿಯರು ಮಾಮಾನಿಗೆ ಅದನ್ನು ಕೊಟ್ಟಿದ್ದರಂತೆ. ಅದರ ಮೇಲಿನ ಅಕ್ಷರ ಅಷ್ಟೂ ಅಳಿಸಿಹೋಗಿದ್ದವು. ವಾದ್ಯ ಎರಡು ಸಲ ಬದಲಾದರೂ ಆ ತುಂಡು ಬದಲಾಗಲಿಲ್ಲ. ರಾತ್ರಿ ವಾದ್ಯವನ್ನು ಗೋಡೆಗೆ ತೂಗುಹಾಕಿದರೂ ಮೌತ್‌ಪೀಸನ್ನು ಬಟ್ಟೆಯಲ್ಲಿ ಸುತ್ತಿ ತಲೆದಿಂಬಿನ ಕಡೆ ಇಟ್ಟುಕೊಳ್ಳುತ್ತಿದ್ದರು. ಅದು ಹಳೆಯ ವಸ್ತುವಿನ ಮೇಲಿನ ಮೋಹ ಅಂತ ನಾನು ತಿಳಿದಿದ್ದೆ.

ಆ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಡಾಲ್ಬಿ ಬಂದಿತ್ತು. ಟ್ರಾಕ್ಟರ್ ಮೇಲೆ ಮಾಳಿಗೆ ಎತ್ತರಕ್ಕೆ ಸ್ಪೀಕರ್ ಪೇರಿಸಿ ಹೊರಟರೆ ಅಂಗಡಿಗಳ ಶಟರ್ ಅದುರುತ್ತಿದ್ದವು. ಅದಕ್ಕೂ ಮೊದಲೇ ಬೆಂಜೊ ಪಾರ್ಟಿಗಳು ಬಂದು ಬ್ಯಾಂಡಿನವರ ಅರ್ಧ ಸುಪಾರಿ ತಿಂದಿದ್ದವು. ಒಂದು ಮೆರವಣಿಗೆಯಲ್ಲಿ ಮುಂದೆ ಡಾಲ್ಬಿ, ಹಿಂದೆ ಮಾಮಾನ ಬ್ಯಾಂಡ್. ಮಾಮಾ ಕಣ್ಣು ಮುಚ್ಚಿ ಊದುತ್ತಿದ್ದರು; ಹತ್ತು ಹೆಜ್ಜೆ ದೂರ ನಿಂತ ನನಗೇ ಕೇಳುತ್ತಿರಲಿಲ್ಲ. ಅವರ ಕೆನ್ನೆ ಕೆಂಪಾಗಿದ್ದು, ಕೊರಳಿನ ನರ ಉಬ್ಬಿದ್ದು ಕಾಣುತ್ತಿತ್ತು, ಸ್ವರ ಮಾತ್ರ ಇಲ್ಲ. ನನಗೆ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು. ಇದಕ್ಕೆ ಏನಾದರೂ ಮಾಡಬೇಕು ಅಂತ ಅಂದೇ ತಲೆಯಲ್ಲಿ ಕೂತಿತು.

ಕೆಲವು ತಿಂಗಳ ಮೇಲೆ ಮಾಮಾ ಇಚಲಕರಂಜಿಗೆ ಬಂದರು. ಮೌತ್‌ಪೀಸ್ ಕೆಳಗೆ ಬಿದ್ದು ಬುಡದ ಅಂಚು ಚಪ್ಪಟೆಯಾಗಿತ್ತು, ವಾದ್ಯದಲ್ಲಿ ಸರಿಯಾಗಿ ಕೂಡುತ್ತಿರಲಿಲ್ಲ.

"ಬುಡಾ ಅಷ್ಟ ದುಂಡಗ ಮಾಡಿಕೊಡು, ತಮ್ಮಾ. ಬ್ಯಾರೆ ಕಡೆ ಕೈ ಹಚ್ಚಬ್ಯಾಡ. ಬೇಸ್ತವಾರ ಲಗ್ನ ಐತಿ."

"ಆತ್ರಿ ಮಾಮಾ, ನಾನ ತಂದ್ಕೊಡ್ತೀನಿ," ಅಂದೆ.

ಬುಡದ ಕೆಲಸ ಅರ್ಧ ತಾಸಿನದು. ಮೊನಚು ಕಬ್ಬಿಣದ ಕಡ್ಡಿಯನ್ನು ಒಳಗೆ ತೂರಿಸಿ, ಸುತ್ತಲೂ ಮೆಲ್ಲಗೆ ತಟ್ಟಿ ದುಂಡಗೆ ಮಾಡಿದೆ. ಮುಗಿದ ಮೇಲೆ ಬೆಳಕಿಗೆ ಹಿಡಿದು ಬಟ್ಟಲಿನ ಕಡೆಯಿಂದ ಇಣುಕಿದೆ. ಅಷ್ಟು ದೊಡ್ಡ ವಾದ್ಯ, ಅಷ್ಟು ಗಾಳಿ, ನಡುವೆ ಇಷ್ಟೇ ಇಷ್ಟು ತೂತು! ಸದ್ದು ಸಿಕ್ಕಿಬಿದ್ದಿರುವುದು ಇಲ್ಲೇ ಅನಿಸಿತು. ಇದನ್ನು ಅಗಲ ಮಾಡಿದರೆ ಗಾಳಿ ಹೆಚ್ಚು ಹೋಗುತ್ತದೆ, ಗಾಳಿ ಹೆಚ್ಚು ಹೋದರೆ ಸದ್ದು ಹೆಚ್ಚು ಬರುತ್ತದೆ. ಇದಕ್ಕಿಂತ ಸರಳ ಲೆಕ್ಕ ಯಾವುದಿದೆ? ಮಾಮಾನಿಗೆ ಹೇಳದೆ ಮಾಡಿ, ಲಗ್ನದಲ್ಲಿ ಅವರು ಊದಿದಾಗ ಅವರ ಮುಖ ನೋಡಬೇಕು ಅನ್ನುವ ಆಸೆಯೂ ಇತ್ತು.

ಚಕ್ಕಿನ ದವಡೆ ಗುರುತು ಬೀಳದಂತೆ ತಾಮ್ರದ ತಗಡು ಸುತ್ತಿ ಕಟ್ಟಿದೆ. ಹಿತ್ತಾಳೆಗೆ ಡ್ರಿಲ್ ಹಾಕುವಾಗ ಬಿಟ್ಟಿನ ಅಂಚನ್ನು ತುಸು ಮಟ್ಟಸ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಅದು ಲೋಹವನ್ನು ಕಚ್ಚಿ ಒಳಗೆ ನುಗ್ಗುತ್ತದೆ. ಅದನ್ನೂ ಮರೆಯದೆ ಮಾಡಿದೆ. ನಾಲ್ಕೂವರೆ ಮಿಲಿಮೀಟರಿನ ಬಿಟ್ಟು. ಟೇಲ್‌ಸ್ಟಾಕ್ ಚಕ್ರ ತಿರುಗಿಸಿದಂತೆ ಹೊಳೆಯುವ ಚೂರು ಉದುರಿದವು. ಆಮೇಲೆ ಬಟ್ಟಲಿನ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು ಕಂಡವು. ಎಮರಿ ಕಾಗದ ಹಿಡಿದು ನುಣ್ಣಗೆ ಉಜ್ಜಿದೆ. ಬೆಳ್ಳಿ ಲೇಪ ಹೋಯಿತು, ಹಿತ್ತಾಳೆ ಬಂಗಾರದ ಹಾಗೆ ಹೊಳೆಯಿತು. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಕೊರೆಯುವ ಮೊದಲು ಆ ಕೊರಳಿನ ಮೂಲ ಅಳತೆಯನ್ನು ನಾನು ತೆಗೆದುಕೊಂಡಿರಲಿಲ್ಲ. ಎರಡು ರೂಪಾಯಿಯ ಬುಶ್ ಮಾಡುವಾಗಲೂ ಹಳೆಯದನ್ನು ಅಳೆದು ಗೋಡೆಯ ಮೇಲೆ ಬರೆದಿಡುವ ಮನುಷ್ಯ ನಾನು.

ಬೇಸ್ತವಾರ ನಸುಕಿನಲ್ಲಿ ಬಸ್ ಹತ್ತಿದೆ. ಕಾಗಲ ದಾಟಿ ನಿಪ್ಪಾಣಿಗೆ ಬಂದರೆ ಕರ್ನಾಟಕ, ಅಲ್ಲಿಂದ ಗಡಹಿಂಗ್ಲಜ ಕಡೆ ಹೊರಳಿದರೆ ಮತ್ತೆ ಮಹಾರಾಷ್ಟ್ರ. ದಾರಿಯುದ್ದಕ್ಕೂ ಅಂಗಿಯ ಜೇಬಿನಲ್ಲಿ ಮೌತ್‌ಪೀಸನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ. ಲಗ್ನದ ಮನೆ ಮುಂದೆ ಬ್ಯಾಂಡ್ ಆಗಲೇ ಸಾಲುಗಟ್ಟಿತ್ತು. ಮಾಮಾ ಬುಡವನ್ನಷ್ಟೇ ನೋಡಿ, "ಚಲೋ ಆತು," ಅಂದು ಸಿಕ್ಕಿಸಿಕೊಂಡರು. ಹೊಳಪು ನೋಡಿ ಹುಬ್ಬು ತುಸು ಗಂಟಾಯಿತು, ಆದರೆ ಕೇಳುವಷ್ಟು ಪುರಸೊತ್ತಿರಲಿಲ್ಲ.

ಹಾಡಿನ ಮುಖಡಾ ಕೆಳಗಿನ ಸ್ವರಗಳಲ್ಲಿತ್ತು. ಸದ್ದು ನಿಜಕ್ಕೂ ದೊಡ್ಡದಾಗಿ ಬಂತು. ಪಕ್ಕದಲ್ಲಿ ಟ್ರಂಪೆಟ್ ಊದುತ್ತಿದ್ದ ಹುಡುಗ ತಿರುಗಿ ನೋಡಿದ. ನಾನು ಮಂಟಪದ ಕಂಬಕ್ಕೆ ಆತು ನಿಂತು ಹಿಗ್ಗಿದೆ. ಅಂತರಾ ಬಂತು, ಸ್ವರ ಮೇಲೆ ಏರಬೇಕಾದ ಜಾಗ. ಮೇಲಿನ ಸ್ವರ ಉಳಿದ ಎರಡು ಟ್ರಂಪೆಟ್ಟುಗಳಿಗಿಂತ ಎತ್ತರಕ್ಕೆ ಸರಿದು, ಮೂರೂ ಕೂಡಿ ಕಿವಿಗೆ ಮುಳ್ಳಾಯಿತು. ಮಾಮಾ ತುಟಿ ಸಡಿಲ ಬಿಟ್ಟು ಕೆಳಗೆ ಎಳೆಯಲು ನೋಡಿದರು, ಸ್ವರ ನಡುಗಿತು. ಮುಂದಿನ ಸಾಲಿಗೆ ಉಸಿರು ಸಾಲಲಿಲ್ಲ. ಒಂದೇ ದಮ್ಮಿನಲ್ಲಿ ಮುಗಿಸುತ್ತಿದ್ದ ಸಾಲನ್ನು ನಡುವೆ ಮುರಿದು ಉಸಿರು ಎಳೆದುಕೊಂಡರು. ಸ್ವರದ ಮೊದಲ ಹೊಡೆತ ಮೊದಲು ಚೂಪಾಗಿ ಬೀಳುತ್ತಿತ್ತು, ಅಂದು ಮೆತ್ತಗೆ ಒದ್ದೆಯಾಗಿ ಬಿತ್ತು. ಮೂರನೆಯ ಹಾಡಿನ ಹೊತ್ತಿಗೆ ಅವರು ಹುಡುಗನಿಗೆ ಕೈಸನ್ನೆ ಮಾಡಿ ಮೇಲಿನ ಭಾಗ ಅವನಿಗೆ ಬಿಟ್ಟು, ತಾವು ಕೆಳಗಿನದನ್ನು ಹಿಡಿದರು. ಊರಲ್ಲಿ ಯಾರೂ ಹಿಂದೆಂದೂ ಕಂಡಿರದ ಸಂಗತಿ.

ನನ್ನ ಪಕ್ಕ ವರನ ಕಡೆಯ ಹಿರಿಯರಿಬ್ಬರು ನಿಂತಿದ್ದರು. ಒಬ್ಬರು ಅಂದರು: "ಮಾಸ್ತರಗ ವಯಸ್ಸಾತು ಬಿಡ್ರಿ. ದಮ್ಮ ಉಳದಿಲ್ಲ." ಇನ್ನೊಬ್ಬರು ಹೂಂಗುಟ್ಟಿದರು. ನನಗೆ ಆಗಲೇ ಗೊತ್ತಾಗಿತ್ತು. ಇದು ವಯಸ್ಸಲ್ಲ, ನನ್ನ ಕೈ ಅಂತ ಅವರಿಗೆ ಹೇಳಬಹುದಿತ್ತು. ನಾಲಗೆ ಏಳಲಿಲ್ಲ. ಅವರು ಮತ್ತೊಂದು ಸಲ ಅದನ್ನೇ ಅಂದಾಗಲೂ ಸುಮ್ಮನೆ ನಿಂತೆ. ಕೊರೆದದ್ದು ತಿಳಿಗೇಡಿತನ, ತೂತಿನ ಮಾತು ಇಂದು ನಿಧಾನಕ್ಕೆ ವಿವರಿಸಬಲ್ಲೆ. ಆ ಸುಮ್ಮನಿರುವಿಕೆಗೆ ನನ್ನ ಹತ್ತಿರ ಈಗಲೂ ವಿವರಣೆ ಇಲ್ಲ. ಮುಂದಿನ ವರ್ಷ ಆ ಮನೆತನದ ಇನ್ನೊಂದು ಲಗ್ನಕ್ಕೆ ಮಾಮಾನ ಬ್ಯಾಂಡ್ ಕರೆಯಲಿಲ್ಲ.

ಊಟದ ಹೊತ್ತಿಗೆ ಮಾಮಾ ನನ್ನನ್ನು ಹಿತ್ತಲಿಗೆ ಕರೆದರು. ಬರಿ ಹಿತ್ತಾಳೆ ತಾಗಿ ತುಟಿಯ ಸುತ್ತ ಹಸಿರು ಗೆರೆ ಮೂಡಿತ್ತು. ಮೌತ್‌ಪೀಸ್ ಕಳಚಿ, ಬಟ್ಟಲಿನ ಬಾಯಿಗೆ ಅಂಗೈಯಿಂದ ಪಟ್ಟನೆ ಹೊಡೆದರು. 'ಪೊಕ್' ಅಂತ ಸಣ್ಣ ಸದ್ದು. ಹುಡುಗನ ಮೌತ್‌ಪೀಸ್ ತರಿಸಿ ಅದಕ್ಕೂ ಹಾಗೇ ಹೊಡೆದರು. ಆ 'ಪೊಕ್' ತಗ್ಗಿನದು.

"ಇದರ ದನಿ ಏರೇತಿ. ಏನ್ ಮಾಡೀದಿ?"

"ತೂತು ಸ್ವಲ್ಪ ಅಗಲ ಮಾಡೀನ್ರಿ ಮಾಮಾ. ಜೋರ ಬರ್ಲಿ ಅಂತ."

"ಜೋರ ಬೇಕಂತ ನಾ ಅಂದಿದ್ನೇನು?"

ನಾನು ತಲೆ ತಗ್ಗಿಸಿದೆ. ಅವರು ದನಿ ಏರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಂದರು: "ಆ ಸಣ್ಣ ತೂತಿನ ಮ್ಯಾಲ ನಾ ಒರಗಿ ನಿಂತಿರ್ತಿದ್ದೆ, ತಮ್ಮಾ. ಇವತ್ತ ಒರಗಾಕ ಹೋದ್ರ ಅಲ್ಲಿ ಗ್ವಾಡಿನ ಇಲ್ಲ."

ಆ ಮಾತಿನ ಅರ್ಥ ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಕೊಲ್ಲಾಪುರದಲ್ಲಿ ಇಂಜಿನಿಯರಿಂಗ್ ಕಲಿಯುತ್ತಿದ್ದ ಸಂಬಂಧಿಕರ ಹುಡುಗನೊಬ್ಬನ ಕಾಲು ಹಿಡಿದು ಓದಿಸಿಕೊಂಡೆ, ಕೇಳಿದೆ, ಚಿತ್ರ ಬರೆಸಿಕೊಂಡೆ. ಸನಾದಿಯಲ್ಲಿ ಅದುರುವುದು ಓಲೆಯ ಪೀಪಿ. ಟ್ರಂಪೆಟ್ಟಿನಲ್ಲಿ, ನಮ್ಮ ಕೊಂಬು ಕಹಳೆಗಳಲ್ಲಿ ಅದುರುವುದು ಮನುಷ್ಯನ ತುಟಿಯೇ. ತುಟಿ ಬಾಗಿಲಿನ ಹಾಗೆ ತೆರೆದು ಮುಚ್ಚುತ್ತದೆ. ಒಳಗೆ ಹೋದ ಒತ್ತಡದ ಅಲೆ ಕೊಳವೆಯ ಕೊನೆಯಲ್ಲಿ ಗಂಟೆಯ ಹಾಗೆ ಅಗಲವಾದ ಬಾಯಿಂದ ಹಿಂತಿರುಗಿ ಬಂದು ತುಟಿಯನ್ನು ಮತ್ತೆ ತಳ್ಳುತ್ತದೆ. ಹೀಗೆ ವಾದ್ಯ ತುಟಿಗೆ ಆಸರೆ ಕೊಟ್ಟಾಗಲೇ ಸ್ವರ ನಿಲ್ಲುವುದು. ಗಾಳಿ ಹೆಚ್ಚು ಹರಿದ ಮಾತ್ರಕ್ಕೆ ಸ್ವರ ಹೆಚ್ಚುವುದಿಲ್ಲ. ಹರಿಯುವ ಗಾಳಿಯನ್ನು ತಡೆದು ಒತ್ತಡವನ್ನು ತುಟಿಗೆ ಮರಳಿಸುವುದೂ ಬೇಕು. ಮಾಮಾ ಒರಗಿ ನಿಲ್ಲುತ್ತಿದ್ದ ಗೋಡೆ ಇದು.

ಆ 'ಪೊಕ್' ಸದ್ದಿಗೂ ದೊಡ್ಡ ಅರ್ಥವಿದೆ. ಬಟ್ಟಲಿನೊಳಗಿನ ಗಾಳಿ, ಅದಕ್ಕೊಂದು ಕಿರಿದಾದ ಕೊರಳು. ಇಂಥ ರಚನೆಗೆ ತನ್ನದೇ ಒಂದು ಸ್ವರ ಇರುತ್ತದೆ ಅನ್ನುವುದನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಕೊರಳು ಅಗಲವಾದರೆ ಆ ಸ್ವರ ಏರುತ್ತದೆ, ಬಟ್ಟಲು ಆಳವಾದರೆ ಇಳಿಯುತ್ತದೆ. ಅಮೆರಿಕದ ಭೌತವಿಜ್ಞಾನಿ ಆರ್ಥರ್ ಬೆನೇಡ್ 1973ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಹಿತ್ತಾಳೆ ವಾದ್ಯಗಳ ಬಗ್ಗೆ ಬರೆದ ಲೇಖನ ಈ ವಿಷಯದಲ್ಲಿ ಹೆಸರಾದದ್ದು. ಟ್ರಂಪೆಟ್ಟಿನ ಕೊಳವೆಯನ್ನು ನೆಟ್ಟಗೆ ಬಿಚ್ಚಿದರೆ ಸುಮಾರು ಒಂದೂವರೆ ಮೀಟರ್. ಬರಿಯ ಕೊಳವೆಯ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಗಂಟೆಯ ಆಕಾರ ಕೆಳಗಿನ ಸ್ವರಗಳನ್ನು ಮೇಲಕ್ಕೆ ಎತ್ತುತ್ತದೆ, ಮೌತ್‌ಪೀಸ್ ಮೇಲಿನ ಸ್ವರಗಳನ್ನು ಕೆಳಕ್ಕೆ ಎಳೆಯುತ್ತದೆ. ಎರಡೂ ಕೂಡಿ ಅವುಗಳನ್ನು ಸಾಲಿಗೆ ತರುತ್ತವೆ. ಕೆಳಗಿನ ಸ್ವರಕ್ಕೆ ಮೌತ್‌ಪೀಸ್ ತನ್ನ ಗಾತ್ರದಷ್ಟೇ ಕೊಳವೆ ಸೇರಿಸಿದಂತೆ ವರ್ತಿಸಿದರೆ, ಮೇಲೆ ಮೇಲೆ ಹೋದಂತೆ ಅದಕ್ಕಿಂತ ಉದ್ದದ ಕೊಳವೆಯಾಗಿ ವರ್ತಿಸುತ್ತದೆ. ನಾನು ಕೊರಳು ಅಗಲಿಸಿ 'ಪೊಕ್' ಸ್ವರ ಏರಿಸಿದಾಗ ಆ ಎಳೆತ ಕಡಿಮೆಯಾಯಿತು. ಅದಕ್ಕೇ ಮುಖಡಾ ನನ್ನನ್ನು ಹಿಗ್ಗಿಸಿತು, ಅಂತರಾ ಮಾಮಾನನ್ನು ಬೀಳಿಸಿತು.

ವಿನ್ಸೆಂಟ್ ಬಾಕ್ ಅನ್ನುವವರ ಕಥೆ ಕೇಳಿದಾಗ ನನಗೆ ಮೈ ಜುಮ್ಮೆಂದಿತು. 1890ರಲ್ಲಿ ಆಸ್ಟ್ರಿಯಾದಲ್ಲಿ ಹುಟ್ಟಿ, ಇಂಜಿನಿಯರಿಂಗ್ ಓದಿ, ಟ್ರಂಪೆಟ್ ಊದುತ್ತ ಅಮೆರಿಕಕ್ಕೆ ಹೋದವರು. ಯಾರ ಕೈಯಲ್ಲೋ ರಿಪೇರಿಗೆ ಕೊಟ್ಟ ಅವರ ಸ್ವಂತ ಮೌತ್‌ಪೀಸ್ ಹಾಳಾಗಿ ಬಂತಂತೆ. ಆ ಸಂಕಟದಲ್ಲೇ ಅವರು ಒಂದು ಲೇತ್ ಕೊಂಡು 1918ರಲ್ಲಿ ನ್ಯೂಯಾರ್ಕಿನಲ್ಲಿ ತಾವೇ ಮೌತ್‌ಪೀಸ್ ಮಾಡತೊಡಗಿದರು. ಇಂದು ಲೋಕದ ಬಹುಪಾಲು ಟ್ರಂಪೆಟ್ಟಿನವರು ಅವರ ಅಂಕಿಗಳಲ್ಲೇ ಮಾತಾಡುತ್ತಾರೆ. ಅವರ ಸಾಮಾನ್ಯ ಟ್ರಂಪೆಟ್ ಮೌತ್‌ಪೀಸಿನ ಕೊರಳು 27ನೇ ನಂಬರಿನ ಡ್ರಿಲ್ಲಿನದು, 3.66 ಮಿಲಿಮೀಟರ್. ಮಾಮಾನದೂ ಅದರ ಆಸುಪಾಸಿನಲ್ಲೇ ಇದ್ದಿರಬೇಕು. ನಾನು ಹಾಕಿದ್ದು 4.5. ನೋಡಲು ಒಂದು ಮಿಲಿಮೀಟರಿಗಿಂತ ಕಡಿಮೆಯ ಅಂತರ. ಗಾಳಿ ಹಾಯುವ ಜಾಗ ಲೆಕ್ಕ ಹಾಕಿದರೆ ಒಂದೂವರೆ ಪಟ್ಟು. ಮಗ್ಗದ ಬುಶ್ಶಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಬಿಸಾಕುವ ನಾನು ಇಲ್ಲಿ ಅಷ್ಟನ್ನು 'ಸ್ವಲ್ಪ' ಅಂದಿದ್ದೆ.

ಬಟ್ಟಲಿನ ಅಂಚಿನದು ಇನ್ನೊಂದು ಪಾಠ. ಒಳಗಿನ ಅಂಚು ತುಸು ಚೂಪಾಗಿದ್ದರೆ ಸ್ವರ ಚೊಕ್ಕಟವಾಗಿ ಶುರುವಾಗುತ್ತದೆ, ದುಂಡಗಿದ್ದರೆ ತುಟಿಗೆ ಹಿತ, ಆದರೆ ಹೊಡೆತ ಮಬ್ಬು. ಅಗಲ ಅಂಚು ತುಟಿಯನ್ನು ಹೆಚ್ಚು ಹೊತ್ತು ತಾಳಿಸುತ್ತದೆ, ಕಿರಿದಾದದ್ದು ಸ್ವರದಿಂದ ಸ್ವರಕ್ಕೆ ಜಿಗಿಯಲು ಬಿಡುತ್ತದೆ. ಬಟ್ಟಲು ಆಳವಿಲ್ಲದಿದ್ದರೆ ದನಿ ಹೊಳೆಯುತ್ತದೆ, ಆಳವಾದಷ್ಟೂ ಗಂಭೀರ. ಫ್ರೆಂಚ್ ಹಾರ್ನಿನದಂತೂ ಬಟ್ಟಲೇ ಅಲ್ಲ, ಆಳದ ಆಲಿಕೆ. ಆ ಮೆತ್ತನೆಯ ದನಿಯಲ್ಲಿ ಅದರ ಪಾಲು ದೊಡ್ಡದು. ಇದರಲ್ಲಿ ಒಳ್ಳೆಯದು, ಕೆಟ್ಟದ್ದು ಅಂತ ಒಂದಿಲ್ಲ. ಯಾರ ತುಟಿ, ಯಾವ ಹಲ್ಲು, ಯಾವ ಸಂಗೀತ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮಾಮಾನ ಮೇಲಿನ ಹಲ್ಲೊಂದು ಮುರಿದಿತ್ತು. ನಾನು ಹುಟ್ಟಿದಾಗಿನಿಂದ ನೋಡಿದ ಹಲ್ಲು. ಅವರು ಬಟ್ಟಲನ್ನು ತುಸು ಎಡಕ್ಕೆ ಸರಿಸಿ ಹಿಡಿಯುತ್ತಿದ್ದುದು, ಅಂಚು ಅಲ್ಲಿಯೇ ಸವೆದಿದ್ದುದು, ನಾನು ಕಚ್ಚು ಅಂದುಕೊಂಡು ಉಜ್ಜಿ ತೆಗೆದದ್ದು ಅದನ್ನೇ ಅನ್ನುವುದು ಇವೆಲ್ಲ ಓದಿದ ಮೇಲೆ ಹೊಳೆಯಿತು. ಅವರ ಬಾಯಿ ಆ ಲೋಹದಲ್ಲಿ ಮೂಡಿತ್ತು. ಮೌತ್‌ಪೀಸ್ ನನ್ನ ಕೈಯಲ್ಲಿದ್ದಷ್ಟು ಹೊತ್ತೂ ನಾನು ನೋಡಿದ್ದು ತೂತನ್ನು. ಅದನ್ನು ಊದುವ ಮನುಷ್ಯನನ್ನು ಒಂದು ಮಾತು ಕೇಳಲಿಲ್ಲ, ಒಂದು ಸಲ ಊದಿಸಿ ಕೂತು ಆಲಿಸಲಿಲ್ಲ. ಅವರ ಕಷ್ಟಕ್ಕೆ ಮರುಗಿದ್ದೆ ನಿಜ. ಮರುಗಿದ್ದರಿಂದಲೇ ಕೇಳುವ ಅಗತ್ಯವಿಲ್ಲ ಅಂದುಕೊಂಡೆ.

ಸರಿಪಡಿಸಲು ನೋಡಿದೆ. ಕೊರಳಿಗೆ ಹಿತ್ತಾಳೆಯ ತೆಳು ಕೊಳವೆ ಕಡೆದು ಕೂಡಿಸಿ ಬೆಸೆದೆ, ಒಳಗೆ ಕಿರಿದಾದ ತೂತು ಹಾಕಿದೆ. ಹುಪರಿಯ ಬೆಳ್ಳಿ ಕೆಲಸದವರಲ್ಲಿ ಹೊಸ ಲೇಪ ಹಾಕಿಸಿದೆ. ಮೂಲ ಅಳತೆ ಇಲ್ಲದಿದ್ದುದರಿಂದ ಎಲ್ಲವೂ ಅಂದಾಜು. ಮಾಮಾ ಊದಿದರು, ಮೇಲಿನ ಸ್ವರ ಬಹುಮಟ್ಟಿಗೆ ತನ್ನ ಜಾಗಕ್ಕೆ ಬಂತು. ಎರಡು ಹಾಡಿನ ಮೇಲೆ ಇಳಿಸಿ, "ಕೆಲಸ ಚಲೋ ಮಾಡೀದಿ. ಆದ್ರ ಇದು ನಂದಲ್ಲ," ಅಂದರು. ಆ ಸುಗ್ಗಿ ಮುಗಿಯುವ ಮೊದಲೇ ಟ್ರಂಪೆಟ್ಟನ್ನು ಶಿಷ್ಯನಿಗೆ ಕೊಟ್ಟು ತಾವು ಯುಫೋನಿಯಂ ಹಿಡಿದರು. ಅದರ ಬಟ್ಟಲು ದೊಡ್ಡದು, ತುಟಿಗೆ ಬೇರೆಯೇ ರೂಢಿ ಬೇಕು; ಆ ವಯಸ್ಸಿನಲ್ಲಿ ಹೊಸದಾಗಿ ರೂಢಿ ಮಾಡಿಕೊಂಡರು. ಲಗ್ನದಲ್ಲಿ ಆಡಿದ ಮಾತು ಅವರ ಕಿವಿಗೂ ಬಿದ್ದಿತ್ತೆಂದು ಅವ್ವ ಹೇಳಿದಳು. ಮರುದಿನವೇ ಗಡಹಿಂಗ್ಲಜಕ್ಕೆ ಹೋಗಿ, ಅಂದು ಪಕ್ಕದಲ್ಲಿ ನಿಂತು ಸುಮ್ಮನಿದ್ದೆ ಅನ್ನುವುದನ್ನೂ ಮಾಮಾನಿಗೆ ಹೇಳಿದೆ. ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಚಹಾ ಕುಡಿದು ಹೋಗು ಅಂದರು.

ಅಂದಿನಿಂದ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮೌತ್‌ಪೀಸ್ ಮಾಡುವುದನ್ನು ಕಲಿಯುತ್ತಿದ್ದೇನೆ. ಬಟ್ಟಲಿನ ಒಳಗಿನ ಆಕಾರ ತಿಳಿಯಲು ಮೇಣ ಕರಗಿಸಿ ಎರೆದು ಅಚ್ಚು ತೆಗೆಯುತ್ತೇನೆ, ಅದನ್ನು ಸೀಳಿ ಗೀಟು ಹಾಕಿದ ಕಾಗದದ ಮೇಲೆ ಇಟ್ಟು ಅಳೆಯುತ್ತೇನೆ. ಮಾಮಾನ ಶಿಷ್ಯ ಈಗ ಊದುತ್ತಿರುವುದು ನಾನು ಮಾಡಿದ್ದನ್ನೇ. ಕೆಳಗಿನ, ನಡುವಿನ ಸ್ವರಗಳಿಗೆ ತಕರಾರಿಲ್ಲ. ಮೇಲಿನ ಒಂದು ಸ್ವರ ಮಾತ್ರ ಇನ್ನೂ ಹಗುರಾಗಿ ಏಳುವುದಿಲ್ಲ. ಕೊರಳಿನ ಆಚೆ ಕೊಳವೆ ಅಗಲವಾಗುವ ಇಳಿಜಾರಿನಲ್ಲಿ ತಪ್ಪಿದೆ ಅನಿಸಿ, ಕೊಲ್ಲಾಪುರದ ಶಿವಾಜಿ ಉದ್ಯಮನಗರದಲ್ಲಿ ಬೇರೆ ಇಳಿಜಾರಿನ ರೀಮರ್ ಒಂದನ್ನು ಮಾಡಲು ಹಾಕಿದ್ದೇನೆ. ತುಳಸಿ ಲಗ್ನ ಆಗಿ ಮದುವೆಗಳು ಶುರುವಾಗುವ ಮೊದಲು ಆ ಹುಡುಗ ವಾದ್ಯ ಹಿಡಿದು ಅಂಗಡಿಗೆ ಬರುತ್ತಾನೆ. ಪ್ರತಿ ಸಲ ರೀಮರ್ ತೆಗೆದಾಗಲೂ ಅವನು ಊದಬೇಕು, ಅವನು ಸಾಕು ಅಂದಲ್ಲಿಗೆ ನಾನು ನಿಲ್ಲಿಸಬೇಕು ಅಂತ ಮಾತಾಗಿದೆ. ಮಾಮಾನೂ ಬರುತ್ತೇನೆ ಅಂದಿದ್ದಾರೆ. ಫೋನಿನಲ್ಲಿ ಒಂದೇ ಶರತ್ತು ಹಾಕಿದರು:

"ಕೈ ಹಚ್ಚೂಕಿಂತ ಮೊದಲ ಈಗಿನ ಅಳತಿ ಬರದ ಇಡು."